ಸ್ಪ್ರಿಂಗಿನ ಐದನೇ ಮೆಟ್ಟಿಲು

ಮೈಲೂರ, ಬೀದರ
14 ಆಗಸ್ಟ್ 2025

ಪ್ರಣಾಲಿ ಬೇಟಾ, ಜೈಭೀಮ್.

ನೀನು ಹೊಸ ಎಲೆಕ್ಟ್ರಿಕ್ ಸೈಕಲ್ಲಿನ ಮೇಲೆ ಜಿಗಿಯುವ ಫೋಟೋ ಮೊಬೈಲಿನಲ್ಲಿ ನೋಡಿದೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು "ಊಟ ಆತೇನ್ರಿ ಬಾಬಾ" ಅನ್ನುತ್ತೀ, ನಾನು "ಆತು, ನಿಂದು?" ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ನಿನ್ನನ್ನು ಹೆತ್ತ ಆಯಿ ಹೋದ ಮೇಲೆ ನಮ್ಮಿಬ್ಬರ ಫೋನು ಇಷ್ಟೇ ಮಾತು ಕಲಿತಿದೆ. ಕಾಗದದ ಮೇಲಾದರೆ ನನಗೆ ಬಾಯಿ ಬರುತ್ತದೆ. ಕಾಲೇಜಿನಲ್ಲಿ ಲೆಟರ್ ರೈಟಿಂಗಿಗೆ ಹತ್ತಕ್ಕೆ ಏಳು ಅಂಕ ತೆಗೆದವನು ನಾನು. "ಐ ಆಮ್ ಕ್ವೈಟ್ ವೆಲ್ ಹಿಯರ್ ಆಂಡ್ ಹೋಪ್ ದಿಸ್ ಲೆಟರ್ ಫೈಂಡ್ಸ್ ಯು" ಎಂದು ಶುರು ಮಾಡಬೇಕು. ಫೈಂಡ್ಸ್ ಯು ಆದ ಮೇಲೆ ಏನೋ ಇತ್ತು, ಮರೆತಿದೆ.

ಫೋಟೋವನ್ನು ನಜಮೋದ್ದೀನನಿಗೂ ತೋರಿಸಿದೆ. ನಾವಿದ್ದ ಭಾಲ್ಕಿ ಬಸ್ ಡಿಪೋದಿಂದ ರಿಟೈರ್ ಆದರೂ ಅವನ ಕೈ ಸುಮ್ಮನಿರುವುದಿಲ್ಲ, ಇಲ್ಲೇ ಕ್ರಾಸಿನಲ್ಲಿ ಗಾಡಿ ರಿಪೇರಿ ಅಂಗಡಿ ಹಾಕಿದ್ದಾನೆ. ಕನ್ನಡಕ ಏರಿಸಿ ಇಳಿಸಿ ನೋಡಿದ. "ಅರೆ ಮಚ್ಛೇಂದ್ರ, ಮೋಟಾರ್ ಹಚ್ಚಿದ ಮ್ಯಾಲ ಪೆಡಲ್ ಯಾಕ ತುಳಿಬೇಕೋ? ಪೆಡಲ್ ತುಳಿಯೋದೇ ಇದ್ರ ಮೋಟಾರ್ ಯಾಕೋ?" ಎಂದ. ನಾನು ಗುಡ್ಡ ಹತ್ತಲಿಕ್ಕೆ ಎಂದೆ. "ಹತ್ತಿದ್ದು ಸರಿ, ಅಲ್ಲಿಂದ ಜಿಗಿಲಾಕ ಯಾರ್ ಹೇಳ್ಯಾರ ಆ ಹುಡುಗಿಗಿ?" ಎಂದ. ನೀನು ಗುಡ್ಡಗಾಡಿನ ಸೈಕಲ್ ಕಲಿಸುವ ಟೀಚರ್ ಎಂದು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ಜಿಗಿಯುವ ಸಂಗತಿ ಹೇಳಿಲ್ಲ.

ಈ ವರ್ಷ ಮಳೆ ಬಿಟ್ಟೂ ಬಿಡದೆ ಹಿಡಿದಿದೆ, ಕಮಠಾಣದ ಕಡೆ ಸೋಯಾ ಹಳದಿ ಬಿದ್ದಿದೆಯಂತೆ. ಅದಿರಲಿ. ಇಪ್ಪತ್ತಾರು ವರ್ಷ ಬಸ್ಸಿನ ಕಮಾನ್ ಪಾಟಾ, ಅದರ ಸ್ಪ್ರಿಂಗ್ ಪಟ್ಟಿ, ಬಿಚ್ಚಿ ಕಟ್ಟಿದವನು ನಾನು, ಸ್ಪ್ರಿಂಗ್ ಎಂದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಆ ಸೈಕಲ್ಲಿನ ತೂಕ ಎಷ್ಟು? ಹಿಂದಿನ ಸ್ಪ್ರಿಂಗ್ ಬಿಗಿ ಮಾಡುವವರು ಯಾರು? ನೀನೋ, ಬೇರೆಯವರೋ? ನೆನಪಿದೆಯಾ, ನಮ್ಮ ಮೋಟರ್‌ಸೈಕಲ್ಲಿನ ಹಿಂದಿನ ಸ್ಪ್ರಿಂಗಿಗೆ ಐದು ಮೆಟ್ಟಿಲು, ಏರಿಸಿದಷ್ಟೂ ಬಿಗಿ. ಒಬ್ಬರಿಗೆ ಒಂದು, ಇಬ್ಬರಿಗೆ ಎರಡು, ಚೀಲ ಹೇರಿದರೆ ಐದು ಎಂದು ಪುಟ್ಟ ಹುಡುಗಿ ನೀನು ಪಾಠ ಒಪ್ಪಿಸುತ್ತಿದ್ದೆ. ಗೋಡೆಯ ಮೊಳೆಯಿಂದ, ಅದನ್ನು ತಿರುಗಿಸುವ ಕೊಕ್ಕೆ ಪಾನಾ ತೆಗೆದು ನನ್ನ ಕೈಗೆ ಕೊಡುವವಳೂ ನೀನೇ.

ಕಳೆದ ಫೆಬ್ರುವರಿಯ ಕಾಗದದ ಹಾಗೆ ಕೋಳಿಕಾಲು ಅಕ್ಷರದಲ್ಲಿ ಬರೆಯಬೇಡ. ಅವಸರವಿದ್ದರೆ ತಡವಾಗಿ ಬರೆ, ಚೆನ್ನಾಗಿ ಬರೆ.

ನಿನ್ನ ಬಾಬಾ
ಮಚ್ಛೇಂದ್ರ


ಮನಾಲಿ
26 ಆಗಸ್ಟ್

ಬಾಬಾ, ಜೈಭೀಮ್.

ತೂಕ ಹದಿನೇಳೂವರೆ ಕಿಲೋ. ನಮ್ಮ ಕ್ಯಾಂಪಿನಲ್ಲಿರುವ ಹಳೆಯ ಎಲೆಕ್ಟ್ರಿಕ್ ಸೈಕಲ್ಲುಗಳು ಇಪ್ಪತ್ತೈದು. ಇದರಲ್ಲಿ ಮೋಟಾರು ಸಣ್ಣದು, ಬ್ಯಾಟರಿ ಸಣ್ಣದು, ಗುಡ್ಡ ಹತ್ತುವಾಗ ಅರ್ಧ ಕೆಲಸ ಕಾಲೇ ಮಾಡಬೇಕು. ನಜಮೋದ್ದೀನ ಚಾಚಾನಿಗೆ ಹೇಳಿ, ಅದಕ್ಕೇ ಪೆಡಲ್ ಇರುವುದು.

ಇದನ್ನು ತಯಾರಿಸಿದವರು ನಮ್ಮ ಕ್ಯಾಂಪಿಗೆ ಒಂದೇ ಒಂದು ಕಳಿಸಿದ್ದಾರೆ. ಜಂಪಿನಲ್ಲಿ, ಡ್ರಾಪಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನಾವು ಓಡಿಸಿ ಬರೆದುಕೊಡಬೇಕು. ಜಂಪ್ ಎಂದರೆ ಮಣ್ಣಿನ ದಿಬ್ಬ, ಅದೇ ನಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಡ್ರಾಪ್ ಎಂದರೆ ದಾರಿ ಕಟ್ಟೆಯ ಹಾಗೆ ಥಟ್ಟನೆ ಮುಗಿಯುತ್ತದೆ, ಮುಂದಿನ ನೆಲ ಕೆಳಗಿರುತ್ತದೆ.

ಭಾರದ ಸೈಕಲ್ಲು ಎಮ್ಮೆಯ ಹಾಗೆ ಬಾಬಾ. ನೆಲದ ಮೇಲಿದ್ದಾಗ ಕಲ್ಲಿಗೂ ಬೇರಿಗೂ ಅಲುಗುವುದಿಲ್ಲ. ಗಾಳಿಯಲ್ಲಿ ಮೂತಿ ಕೆಳಗೆ ಮಾಡಿತೋ, ಮತ್ತೆ ಎತ್ತುವುದು ನಮ್ಮ ಕೈಯಲ್ಲಿಲ್ಲ. ಹಗುರದ್ದು ಹಾಗಲ್ಲ, ಏಳು ಅಂದರೆ ಏಳುತ್ತದೆ. ಮೊದಲ ದಿನ ಭಾರದ್ದರ ರೂಢಿಯಲ್ಲೇ ಹ್ಯಾಂಡಲ್ ಜಗ್ಗಿ, ಮುಂದಿನ ಗಾಲಿ ಆಕಾಶ ನೋಡಿ, ಹಿಂದಕ್ಕೆ ಬಿದ್ದು ಎಲ್ಲರನ್ನೂ ನಗಿಸಿದೆ. ಇನ್ನೊಂದು ಗುಣವಿದೆ: ಪೆಡಲ್ ನಿಲ್ಲಿಸಿದರೂ ಮೋಟಾರು ಕಣ್ಣು ಮಿಟುಕಿಸುವಷ್ಟು ಹೊತ್ತು ನೂಕುತ್ತದೆ. ಅಂಚಿಗೆ ಬರುವ ಮೊದಲೇ ಕಾಲು ನಿಲ್ಲಿಸಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಅಕ್ಟೋಬರ್ 12ಕ್ಕೆ ದೊಡ್ಡ ಡ್ರಾಪ್, ಎಂಟು ಅಡಿ. ಕಂಪನಿಯವರು ಶೂಟಿಂಗಿಗೆ ಬರುತ್ತಾರೆ. ನಾನು ಇಳಿಯುತ್ತೇನೆ ಎಂದು ಹೆಸರು ಕೊಟ್ಟಿದ್ದೇನೆ.

ನೀವು ಸ್ಪ್ರಿಂಗ್ ಕೇಳುವುದು ಯಾಕೆಂದು ನನಗೆ ಗೊತ್ತಿದೆ. ಸ್ಪ್ರಿಂಗಿನ ಹೆಸರಿನಲ್ಲಿ "ಸಾಕು, ಮನಿಗಿ ಬಾ" ಎನ್ನುತ್ತಿದ್ದೀರಿ. ನೇರ ಹೇಳಿದ್ದರೆ ನೇರ ಉತ್ತರ ಕೊಡುತ್ತಿದ್ದೆ.

ಪ್ರಣಾಲಿ


ಮೈಲೂರ, ಬೀದರ
6 ಸೆಪ್ಟೆಂಬರ್ 2025

ಪ್ರಣಾಲಿಗೆ,

ಎಂಟು ಅಡಿ ಎಂದು ಬರೆದಿದ್ದೀ. ಅಂಗಳದಲ್ಲಿ ಗೋಡೆಗೆ ಟೇಪ್ ಹಿಡಿದು ನೋಡಿದೆ. ನಮ್ಮ ಬಾಗಿಲ ಚೌಕಟ್ಟಿಗಿಂತ ಎತ್ತರ. ಅಲ್ಲಿಂದ ಸೈಕಲ್ ಸಮೇತ ಕೆಳಗೆ ಬೀಳುವುದಕ್ಕೆ ಹೆಸರು ಕೊಟ್ಟಿದ್ದೀ.

ಮನೆಗೆ ಬಾ ಎಂದು ನಾನು ಬರೆದಿಲ್ಲ. ಇನ್ನೊಮ್ಮೆ ಓದಿ ನೋಡು. ನಾನು ಕೇಳಿದ್ದು ಒಂದು, ನೀನು ಉತ್ತರ ಕೊಟ್ಟಿದ್ದು ಇನ್ನೊಂದು. ತೂಕ ಹೇಳಿದೆ, ಮೋಟಾರು ಹೇಳಿದೆ. ಸ್ಪ್ರಿಂಗ್ ಯಾರ ತೂಕಕ್ಕೆ ಬಿಗಿ ಮಾಡಿದ್ದಾರೆ ಎಂಬುದನ್ನು ಮಾತ್ರ ಬಿಟ್ಟಿದ್ದೀ. ಒಂದೇ ಸೈಕಲ್ ಇದೆ ಎನ್ನುತ್ತೀ, ಹಾಗಾದರೆ ಅದನ್ನು ಎಷ್ಟು ಜನ ಹತ್ತುತ್ತಾರೆ? ನಿನಗಿಂತ ಮೊದಲು ಹತ್ತಿದವನು ಯಾರು?

ನಜಮೋದ್ದೀನ ಹೇಳಿದ, "ಅದರಾಗ ಕಬ್ಬಿಣದ ಸ್ಪ್ರಿಂಗ್ ಇಲ್ಲೋ, ಬರೇ ಗಾಳಿ ತುಂಬಿರ್ತಾರ. ನನ್ನ ಮೊಮ್ಮಗ ಮೊಬೈಲ್‌ದಾಗ ತೋರಿಸ್ಯಾನ." ಗಾಳಿಯಾದರೇನು, ಕಬ್ಬಿಣವಾದರೇನು? ಭಾರದವನಿಗೆ ಬಿಗಿ ಮಾಡಿದ್ದರ ಮೇಲೆ ಹಗುರದವರು ಕೂತರೆ ಅದು ಕುಗ್ಗುವುದಿಲ್ಲ. ಕುಗ್ಗದ ಸ್ಪ್ರಿಂಗ್ ಹೊರುವುದಿಲ್ಲ, ಒದೆಯುತ್ತದೆ. ಸೀಟಿನಿಂದ ಎತ್ತಿ ಎಸೆಯುತ್ತದೆ. ಖಾಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಸಂತಪೂರದ ರಸ್ತೆಯಲ್ಲಿ ಹೋಗಿದ್ದರೆ ನಿನಗೆ ಗೊತ್ತಿರುತ್ತಿತ್ತು.

ಆದ್ದರಿಂದ ಅಕ್ಟೋಬರ್ 12ರದು ಸ್ಟ್ರಿಕ್ಟ್‌ಲಿ ಪ್ರೊಹಿಬಿಟೆಡ್. ಇದು ನನ್ನ ಆರ್ಡರ್ ಎಂದು ತಿಳಿ. ಕಾರಣ ಕೇಳಬೇಡ. ಆ ತಿಂಗಳು ನಮ್ಮ ಮನೆಗೆ ಆಗಿಬರುವುದಿಲ್ಲ, ಅಷ್ಟು ಸಾಕು.

ಮಚ್ಛೇಂದ್ರ


ಮನಾಲಿ
18 ಸೆಪ್ಟೆಂಬರ್

ಬಾಬಾ,

ತಿಂಗಳು ಆಗಿಬರುವುದಿಲ್ಲ ಎಂದು ನೀವು ಬರೆಯುತ್ತೀರಾ? ಮನೆಯಲ್ಲಿ ಪಂಚಾಂಗ ಇಡಬಾರದು ಎಂದು ಅಜ್ಜನ ಜೊತೆ ಜಗಳ ಆಡಿದವರು ನೀವೇ ಅಲ್ಲವಾ?

ಆರ್ಡರ್ ಕೊಟ್ಟಿದ್ದೀರಿ, ನಾನೂ ಒಂದು ಸಂಗತಿ ಕೊಡುತ್ತೇನೆ. ಫೆಬ್ರುವರಿಯ ಕೋಳಿಕಾಲು ಅಕ್ಷರ ಅವಸರದ್ದಲ್ಲ. ಎಡಗೈಯಲ್ಲಿ ಬರೆದದ್ದು. ಇದೇ ಎಂಟು ಅಡಿಯ ಡ್ರಾಪಿನಲ್ಲಿ ಭಾರದ ಸೈಕಲ್ಲಿನ ಮೂತಿ ಕೆಳಗಾಗಿ, ನಾನು ಅದರ ಮುಂದೆ ಬಿದ್ದು, ಬಲಹೆಗಲಿನ ಎಲುಬು ಮುರಿದಿತ್ತು. ಏಳು ವಾರ ಕೈ ಜೋಳಿಗೆಯಲ್ಲಿತ್ತು. ನಿಮಗೆ ಹೇಳಲಿಲ್ಲ. ಹೇಳಿದರೆ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ಕೂಡುತ್ತಿದ್ದಿರಿ. ಏನೂ ಕೇಳದೆ, ಏನೂ ಹೇಳದೆ ಕೂಡುತ್ತಿದ್ದಿರಿ, ಅದನ್ನು ನನಗೆ ನೋಡಲು ಆಗುವುದಿಲ್ಲ.

ಬಿದ್ದ ಜಾಗಕ್ಕೆ ಮತ್ತೆ ಹೋಗದಿದ್ದರೆ ನಾನು ಬೇರೆಯವರಿಗೆ ಏನು ಕಲಿಸಲಿ? ಹುಡುಗಿಯರು ಕೇಳುತ್ತಾರೆ, "ದೀದಿ, ನೀವ್ಯಾಕೆ ಇಳಿಯುವುದಿಲ್ಲ?" ಕೈ ನೆಟ್ಟಗಾದಾಗಿನಿಂದ ನಾನು ಅದರ ಪಕ್ಕದ ಸುತ್ತುದಾರಿಯಲ್ಲಿ ಇಳಿಯುತ್ತಿದ್ದೇನೆ.

ನಿಮ್ಮ ಪ್ರಶ್ನೆಗೂ ಉತ್ತರ: ಹನ್ನೆರಡರಂದು ಮೊದಲು ಅಖೀಲ ಇಳಿಯುತ್ತಾನೆ. ಹೈದರಾಬಾದಿನವನು, ಎಂಬತ್ನಾಲ್ಕು ಕಿಲೋ. ಇಪ್ಪತ್ತು ನಿಮಿಷದ ನಂತರ ಅದೇ ಸೈಕಲ್ಲಿನಲ್ಲಿ ನಾನು. ನನ್ನ ತೂಕ ಐವತ್ತೆರಡು. ಈಗ ಸಮಾಧಾನವಾಯಿತಾ?

ಮುಗಿಯುವ ತನಕ ನಾನು ಬರೆಯುವುದಿಲ್ಲ. ನೀವೂ ಬರೆಯಬೇಡಿ.

ಪ್ರಣಾಲಿ


ಮೈಲೂರ, ಬೀದರ
3 ಅಕ್ಟೋಬರ್ 2025

ಪ್ರಣಾಲಿ ಬೇಟಾ,

ಬರೆಯಬೇಡ ಎಂದಿದ್ದೀ, ಬರೆಯುತ್ತಿದ್ದೇನೆ. 28ಕ್ಕೆ ಫೋನ್ ಮಾಡಿದ್ದು ಇದನ್ನು ಹೇಳಲಿಕ್ಕೇ. ನೀನು ಎತ್ತಿದೆ, ನಾನು ಊಟ ಆಯಿತೇ ಎಂದೆ, ನೀನು ಹೂಂ ಎಂದೆ, ನಾನು ಇಟ್ಟುಬಿಟ್ಟೆ. ಇಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತೆ. ಆ ಮೇಲೆ ಐದು ದಿನ ಬರೆದು ಹರಿದೆ. ಈಗ ಪೋಸ್ಟಿನವರು ಎಷ್ಟು ದಿನ ಹಿಡಿಯುತ್ತಾರೋ. ಹೋಪ್ ದಿಸ್ ಲೆಟರ್ ಫೈಂಡ್ಸ್ ಯು. ಮುಂದಿನದು ನೆನಪಾಗದಿದ್ದರೂ ಚಿಂತೆಯಿಲ್ಲ, ಹನ್ನೆರಡರ ಒಳಗೆ ನಿನ್ನನ್ನು ಮುಟ್ಟಿದರೆ ಸಾಕು.

ನಿನ್ನ ಆಯಿ ಹೋದದ್ದು ರಸ್ತೆಯ ಉಬ್ಬಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಬಣ್ಣ ಬಳಿಯದ ಉಬ್ಬು, ಬೋರ್ಡು ಇಲ್ಲ. ನಾನೂ ಹಾಗೇ ಹೇಳಿದ್ದೇನೆ, ನಿನ್ನ ವಿಶ್ವಾಸಮಾಮನಿಗೂ ಹಾಗೇ ಹೇಳಿದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಹಿಂದಿನ ದಿನ, ಶನಿವಾರ, ಭಾಲ್ಕಿಯಿಂದ ಎರಡು ಚೀಲ ಜೋಳ ತಂದಿದ್ದೆ. ಹೇರುವ ಮೊದಲು ಡಿಪೋದ ಪಾನಾದಿಂದ ಹಿಂದಿನ ಸ್ಪ್ರಿಂಗನ್ನು ಐದನೇ ಮೆಟ್ಟಿಲಿಗೆ ತಿರುಗಿಸಿದೆ. ಮನೆಗೆ ಬಂದು ಚೀಲ ಇಳಿಸಿದೆ. ಇಳಿಸಿದ ಮೇಲೆ ತಿರುಗಿಸಿ ಎರಡಕ್ಕೆ ತರಬೇಕು. ಡಿಪೋದಲ್ಲಿ ಹೊಸಬರಿಗೆ ನಾನೇ ಬೈದು ಕಲಿಸಿದ ಪಾಠ ಅದು. ಆ ದಿನ ದಣಿದಿದ್ದೆ. ನಾಳೆ ಮುಂಜಾನೆ ಮಾಡೋಣ ಎಂದು ಬಿಟ್ಟೆ.

ಮುಂಜಾನೆ ಔರಾದಿಗೆ ಹೊರಟೆವು. ಆಯಿಯ ತಂಗಿ ಸುಮನಮೌಶಿಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ನಿನಗೆ ಟ್ಯೂಶನ್ ಇತ್ತು, ಮನೆಯಲ್ಲೇ ಉಳಿದೆ. ನಿನ್ನ ಆಯಿ ಹೊಸ ಸೀರೆ ಉಟ್ಟು, ಶೇಂಗಾ ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟು, ಒಂದೇ ಬದಿಗೆ ಕಾಲು ಹಾಕಿ ಕೂತಳು. ಒಂದು ಕೈ ಡಬ್ಬಿಗೆ, ಒಂದು ಕೈ ನನ್ನ ಹೆಗಲಿಗೆ. "ಲಗೂ ನಡ್ರಿ, ಕೂಸು ಮಲಕೊಂಡ್ರ ಯಾರನ್ನ ನೋಡೋದು" ಎಂದಳು. ಊರು ದಾಟಿದ ಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಒಂಬತ್ತು ವರ್ಷದಿಂದ ಅದನ್ನು ನಾನು ಯಾರಿಗೂ ಹೇಳಿಲ್ಲ. "ಏನ್ರಿ ಇದು, ಕುದರಿ ಒದ್ದಂಗ ಒದೀಲಾಕತ್ತದ ನಿಮ್ಮ ಗಾಡಿ" ಎಂದಳು. ನಾನು ಏನು ಹೇಳಿದೆ ಗೊತ್ತಾ? "ರಸ್ತಾ ಖರಾಬ್ ಅದ, ಸುಮ್ಮ ಕೂಡು" ಎಂದೆ.

ಬಸ್ಸಿನ ಹೊಟ್ಟೆಯ ಕೆಳಗೆ ಮಲಗಿ ಸದ್ದು ಕೇಳಿಯೇ ಯಾವ ಪಾಟಾ ಮುರಿದಿದೆ ಎಂದು ಹೇಳುತ್ತಿದ್ದವನು ನಾನು. ಆ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಗೊತ್ತಾಗಿತ್ತು. ಪಾನಾ ಮನೆಯಲ್ಲಿತ್ತು. ಔರಾದಿನಲ್ಲಿ ಯಾರದಾದರೂ ತೆಗೆದುಕೊಂಡು ತಿರುಗಿಸೋಣ ಎಂದುಕೊಂಡೆ. ಸಂತಪೂರ ದಾಟಿ ಎರಡು ಕಿಲೋಮೀಟರಿಗೆ ಆ ಉಬ್ಬು. ಹೆಗಲ ಮೇಲಿನ ಕೈ ಹಗುರವಾಯಿತು. ಡಬ್ಬಿ ರಸ್ತೆಯ ಮೇಲೆ ಉರುಳುವ ಸದ್ದು ಮೊದಲು ಕೇಳಿತು.

ಇದರಲ್ಲಿ ನನಗೇ ಅರ್ಥವಾಗದ ಒಂದು ಸಂಗತಿ ಇದೆ. ಮೂರನೇ ದಿನ ಎಲ್ಲರೂ ಹೋದ ಮೇಲೆ ಧೈರ್ಯ ಮಾಡಿ ಹಿತ್ತಲಿಗೆ ಹೋಗಿ ಗಾಡಿ ನೋಡಿದೆ. ಸ್ಪ್ರಿಂಗ್ ಎರಡನೇ ಮೆಟ್ಟಿಲಿನಲ್ಲಿತ್ತು. ಎರಡೂ ಬದಿಗೆ ಎರಡು. ಹಾಗಾದರೆ ಶನಿವಾರ ನಾನೇ ತಿರುಗಿಸಿದ್ದೆನೇ? ನೆನಪಿಲ್ಲ. ತಿರುಗಿಸಿದ್ದರೆ ತಪ್ಪು ರಸ್ತೆಯದು. ಇಲ್ಲದಿದ್ದರೆ ನನ್ನದು. ನಾನು ಐದು ಎನ್ನುತ್ತೇನೆ, ಗಾಡಿ ಎರಡು ಎನ್ನುತ್ತದೆ. ಕೆಲವು ದಿನ ಗಾಡಿಯನ್ನು ನಂಬುತ್ತೇನೆ, ಅಂದು ಊಟ ಸೇರುತ್ತದೆ. ಕೆಲವು ದಿನ ನನ್ನನ್ನು ನಂಬುತ್ತೇನೆ. ಆ ಗಾಡಿಯನ್ನು ಮತ್ತೆ ಓಡಿಸಲಿಲ್ಲ, ಮಾರಲೂ ಆಗಲಿಲ್ಲ. ತಾಡಪತ್ರಿ ಹೊದಿಸಿ ಹಿತ್ತಲಲ್ಲೇ ಇಟ್ಟಿದ್ದು ಇದಕ್ಕೇ.

ಈಗ ನನ್ನ ಮಗಳು ಎಂಬತ್ನಾಲ್ಕು ಕಿಲೋದವನು ಇಳಿದ ಸೈಕಲ್ ಹತ್ತಿ ಎಂಟು ಅಡಿಯಿಂದ ಇಳಿಯುತ್ತಾಳೆ. ಬೇಟಾ, ಇಳಿಯಬೇಡ ಎನ್ನುವ ಹಕ್ಕು ನನಗಿಲ್ಲ, ಆರ್ಡರ್ ವಾಪಸ್. ಬಿದ್ದ ಜಾಗಕ್ಕೆ ಹೋಗುವವಳು ನೀನು, ಒಂಬತ್ತು ವರ್ಷದಿಂದ ಔರಾದ ರಸ್ತೆಗೆ ಕಾಲಿಡದವನು ನಾನು. ಹೋಗು. ಆದರೆ ಅವನು ಇಳಿದ ಮೇಲೆ ಗಾಳಿ ನಿನ್ನ ತೂಕಕ್ಕೆ ತಂದು ಹೋಗು. ಇಪ್ಪತ್ತು ನಿಮಿಷ ಬೇಕಾದಷ್ಟಾಯಿತು. ನನಗೆ ಬೇಕಾಗಿದ್ದದ್ದು ಎರಡೇ ನಿಮಿಷ.

9ಕ್ಕೆ, ಆಯಿ ಹೋದ ದಿನ, ಅವಳ ಫೋಟೋದ ಮುಂದೆ ಮೇಣಬತ್ತಿ ಹಚ್ಚಿ ವಂದನೆ ಹೇಳುತ್ತೇನೆ. ನೀನೂ ಹಚ್ಚು.

ನಿನ್ನ ಬಾಬಾ


ಮನಾಲಿ
13 ಅಕ್ಟೋಬರ್

ಬಾಬಾ,

ನಿಮ್ಮ ಪತ್ರ ಇವತ್ತು ಬಂತು. ನಿನ್ನೆ ಇಳಿದೆ. ಕೈ, ಕಾಲು, ಹೆಗಲು ಎಲ್ಲ ನೆಟ್ಟಗಿವೆ. ಇದು ಬಲಗೈ ಅಕ್ಷರ, ನೋಡಿಕೊಳ್ಳಿ.

ಅಖೀಲ ಇಳಿದು ಸೈಕಲ್ ಮೇಲಕ್ಕೆ ತಂದ. ಹಿಂದಿನ ಶಾಕಿನಲ್ಲಿ ಇನ್ನೂರ ಹತ್ತು ಪಾಯಿಂಟ್ ಗಾಳಿ ಇತ್ತು. ಶೂಟಿಂಗಿನವರಿಗೆ ಬಿಸಿಲು ಹೋಗುತ್ತದೆ ಎಂಬ ಅವಸರ, "ಒಂದೇ ಸಲ ತಾನೇ, ಹಾಗೇ ಹೋಗಿ ಮೇಡಂ" ಎಂದರು. ನಾನು ನೆಲದ ಮೇಲೆ ಕೂತು ಪಂಪು ಹಚ್ಚಿ ನೂರ ಮೂವತ್ತೆರಡಕ್ಕೆ ಇಳಿಸಿದೆ. ಮುಂದಿನದನ್ನೂ ಇಳಿಸಿದೆ. ಶಾಕಿನ ಕೋಲಿಗೆ ಒಂದು ರಬ್ಬರ್ ಉಂಗುರ ಇರುತ್ತದೆ, ಹತ್ತಿ ಕೂತರೆ ಎಷ್ಟು ಕುಗ್ಗಿತು ಎಂದು ತೋರಿಸುತ್ತದೆ. ಮೂರು ಸಲ ಕೂತು ಎದ್ದು ನೋಡಿದೆ. ಅಖೀಲ, "ಯಾರ ಕೈಯಲ್ಲಿ ಕಲಿತಿದ್ದೀ, ಇಷ್ಟು ಭಯ?" ಎಂದು ನಕ್ಕ. ನಾನು ಹೆಲ್ಮೆಟ್ ಬಿಗಿದು ಹೊರಟೆ.

ಅಂಚಿಗೆ ಎರಡು ಮಾರು ಇರುವಾಗ ಕಾಲು ನಿಲ್ಲಿಸಿದೆ. ಮೋಟಾರು ತನ್ನ ಕೊನೆಯ ನೂಕು ನೂಕಿ ಸುಮ್ಮನಾಯಿತು. ದಾರಿ ಮುಗಿಯಿತು. ಹ್ಯಾಂಡಲ್ ಜಗ್ಗಲಿಲ್ಲ, ಸುಮ್ಮನೆ ಮುಂದಕ್ಕೆ ಬಿಟ್ಟೆ. ಭಾರದ್ದು ಇಲ್ಲೇ ಮೂತಿ ಹಾಕಿತ್ತು. ಇದು ಮಟ್ಟಸವಾಗಿಯೇ ಕೆಳಗೆ ಹೋಯಿತು, ನಾನು ಅದರ ಜೊತೆ ಹೋದೆ. ನೆಲ ಮುಟ್ಟಿದಾಗ ಇಡೀ ಸೈಕಲ್ಲು ಒಮ್ಮೆ ಕೂತು, ನಿಧಾನ ಎದ್ದಿತು. ಒದೆಯಲಿಲ್ಲ. ಕೆಳಗೆ ನಿಲ್ಲಿಸಿ ಉಂಗುರ ನೋಡಿದೆ, ಕೊನೆ ಮುಟ್ಟಲು ಒಂದು ಬೆರಳಿನಷ್ಟು ಉಳಿದಿತ್ತು.

ಬಾಬಾ, ನಂಬರ್ ನೋಡದೆ ನಾನು ಯಾವ ಗಾಡಿಯನ್ನೂ ಹತ್ತುವುದಿಲ್ಲ. ಹದಿನೈದು ವರ್ಷದವಳಿದ್ದಾಗಿನಿಂದ.

ಆ ದಿನ ಮಧ್ಯಾಹ್ನ ನೀವು ಇನ್ನೂ ಆಸ್ಪತ್ರೆಯಲ್ಲಿದ್ದಿರಿ. ನಜಮೋದ್ದೀನ ಚಾಚಾ ಗಾಡಿಯನ್ನು ಟೆಂಪೊದಲ್ಲಿ ತಂದು ಹಿತ್ತಲಲ್ಲಿ ನಿಲ್ಲಿಸಿ ಮತ್ತೆ ನಿಮ್ಮ ಹತ್ತಿರ ಓಡಿದರು. ವಿಶ್ವಾಸಮಾಮಾ ಅಂಗಳದಲ್ಲಿ ಎದೆ ಬಡಿದುಕೊಂಡು, "ಹ್ಯಾಂಗ ಹೊಡದಾನ ಗಾಡಿ ಅವ? ನಾನೇ ನೋಡ್ತೇನಿ ಆ ಗಾಡಿ" ಎನ್ನುತ್ತಿದ್ದರು. ನಾನು ಹಿತ್ತಲಿಗೆ ಹೋದೆ. ಸ್ಪ್ರಿಂಗ್ ನೋಡಿದೆ. ಪಾಠ ಒಪ್ಪಿಸುತ್ತಿದ್ದವಳಲ್ಲವಾ, ಕಣ್ಣು ಅಲ್ಲಿಗೇ ಹೋಯಿತು.

ಐದರಲ್ಲಿತ್ತು.

ಮೊಳೆಯಿಂದ ಪಾನಾ ತೆಗೆದು ಎರಡೂ ಬದಿ ಎರಡಕ್ಕೆ ತಿರುಗಿಸಿದವಳು ನಾನು. ಒಬ್ಬಳೇ ತಿರುಗಿಸಿದ್ದು ಅದೇ ಮೊದಲು. ಅಂಗೈ ಸುಲಿದಿತ್ತು. ಮಾಮಾ ನೋಡಬಾರದು ಎಂದು ಅಷ್ಟೇ ಅಲ್ಲ. ನೀವು ಮನೆಗೆ ಬಂದು ಅದನ್ನು ನೋಡಬಾರದು ಎಂದು. ನೀವು ಮರೆತಿರಬಹುದು, ನೋಡದಿದ್ದರೆ ನೆನಪೂ ಆಗುವುದಿಲ್ಲ ಎಂದುಕೊಂಡೆ. ಒಂಬತ್ತು ವರ್ಷ ನಿಮ್ಮನ್ನು ಕಾಪಾಡಿದ್ದೇನೆ ಎಂದುಕೊಂಡಿದ್ದೆ. ಆ ಎರಡು ನಿಮ್ಮನ್ನು ಹೀಗೆ ಅರೆಯುತ್ತಿದೆ ಎಂದು ನಿಮ್ಮ ಪತ್ರ ಓದುವ ತನಕ ತಿಳಿದಿರಲಿಲ್ಲ.

ನಿಮ್ಮ ನೆನಪು ಸರಿ ಬಾಬಾ. ಗಾಡಿ ಹೇಳಿದ್ದು ಸುಳ್ಳು, ಹೇಳಿಸಿದವಳು ನಾನು.

ಆಗ ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಬಹಳ ವರ್ಷ ಇತ್ತು. ಊಟ ಆಯಿತೇ ಎಂದು ಕೇಳುವುದರ ಆಚೆ ಮಾತಾಡಿದ್ದರೆ ಅದು ಬಾಯಿಗೆ ಬರುತ್ತಿತ್ತು. ನಿನ್ನೆ ಪಂಪು ಹಚ್ಚುವಾಗ ನೋಡಿದೆ, ಅವಸರ ಮಾಡುವವರು ಸುತ್ತ ನಿಂತಾಗ ಎರಡು ನಿಮಿಷ ನೆಲದ ಮೇಲೆ ಕೂಡುವುದು ಎಷ್ಟು ಕಷ್ಟ. ದಣಿದವರಿಗೆ ಇನ್ನೂ ಕಷ್ಟ ಇರಬೇಕು.

9ಕ್ಕೆ ಮೇಣಬತ್ತಿ ಹಚ್ಚಿದ್ದೆ. ನೀವು ಹೇಳುವ ಮೊದಲೇ.

ಪ್ರಣಾಲಿ


ಮೈಲೂರ, ಬೀದರ
25 ಅಕ್ಟೋಬರ್ 2025

ಬೇಟಾ,

ಪತ್ರ ಮೊನ್ನೆ ಬಂತು.

ಇವತ್ತು ಮುಂಜಾನೆ ನಜಮೋದ್ದೀನನನ್ನು ಕರೆದು ತಾಡಪತ್ರಿ ತೆಗೆದೆವು. ಟಯರು ನೆಲಕ್ಕೆ ಅಂಟಿದ್ದವು. ಅವನಿಗೆ ಎಲ್ಲ ಹೇಳಿದೆ. ಅವನು ಟಯರಿನ ಮಣ್ಣು ಒರೆಸುತ್ತಾ, "ಟೆಂಪೊದಾಗ ಹೇರೋವಾಗ ನಾನೂ ನೋಡಿದ್ದೆನೋ, ಐದರಾಗೇ ಇತ್ತು" ಎಂದ.

ಸ್ಪ್ರಿಂಗಿಗೆ ಜಂಗು ಹಿಡಿದಿತ್ತು. ಎಣ್ಣೆ ಬಿಟ್ಟು, ಪಾನಾ ಹಾಕಿ, ಎರಡರಿಂದ ಐದಕ್ಕೆ ತಿರುಗಿಸಿದೆ. ಅದು ಇದ್ದಲ್ಲಿಗೆ ತಂದೆ. ಎದುರಿಗೆ ಕೂತು ನೋಡಿದೆ. ನಿನ್ನ ಆಯಿಗೆ ಹೇಳಬೇಕಾದ್ದನ್ನು ಹೇಳಿದೆ. ನಜಮೋದ್ದೀನ ಆ ಹೊತ್ತಿಗೆ ಚಹಾ ತರುತ್ತೇನೆ ಎಂದು ಎದ್ದು ಹೋಗಿದ್ದ.

ಆಮೇಲೆ ಐದರಿಂದ ಎರಡಕ್ಕೆ ತಂದೆ. ಈಗ ಅದು ಎರಡರಲ್ಲಿದೆ. ತಿರುಗಿಸಿದವನು ನಾನು, ನೆನಪಿದೆ.

ಪಾನಾ ಮೊಳೆಗೆ ಹಾಕಿದ್ದೇನೆ. ನೀನು ಬಂದಾಗ ಔರಾದಿಗೆ ಹೋಗೋಣ, ಸುಮನಮೌಶಿಯ ಆ ಕೂಸಿಗೆ ಈಗ ಒಂಬತ್ತು ವರ್ಷ. ಇಬ್ಬರ ತೂಕಕ್ಕೆ ಎರಡು ಸರಿಯೋ ಅಲ್ಲವೋ ಹೊರಡುವ ಮುನ್ನ ನೀನೂ ಒಮ್ಮೆ ನೋಡು. ಗಾಡಿ ನೀನು ಹೊಡೆ, ಹಿಂದೆ ನಾನು ಕೂಡುತ್ತೇನೆ.

ಬಾಬಾ